ಹನ್ನೊಂದು ಕಣಜಗಳ ಊರು

ಏಪ್ರಿಲ್ 12

ಮಗಳಿಗೆ ತಂದೆಯ ಆಶೀರ್ವಾದಗಳು.

ನಾನು, ನಿನ್ನ ತಾಯಿ, ಮತ್ತು ನೀನು ಹಡಗು ಹತ್ತುವಾಗ ನಮ್ಮ ವಶಕ್ಕೆ ಒಪ್ಪಿಸಿಹೋದ ನಿನ್ನ ಮಗಳು, ಮೂವರೂ ಕ್ಷೇಮ. ಸಮುದ್ರದ ತಳದಲ್ಲಿ ತಂತಿ ಹಾಸುವ ನಿಮ್ಮ ಹಡಗಿನ ಕಾರ್ಯ ಸುಸೂತ್ರವಾಗಿ ಸಾಗುತ್ತಿದೆಯೆಂದು ಭಾವಿಸುತ್ತೇನೆ. ಅಲ್ಲಿನ ವಿದ್ಯುತ್ ಕೆಲಸಕ್ಕೆ ನೀನೇ ಹೋಗಬೇಕಿತ್ತೇ ಎಂಬ ಪ್ರಶ್ನೆಯನ್ನು ಹಿಂದೆ ಎತ್ತಿ, ಉತ್ತರ ಬಾರದೆ, ಕೈಬಿಟ್ಟಿರುವುದರಿಂದ ಇಲ್ಲಿ ಪುನಃ ಪ್ರಸ್ತಾಪಿಸುವುದಿಲ್ಲ.

ಪ್ರಸ್ತುತ ವಿಷಯ ನಿನ್ನ ಮಗಳದು. ಶಾಲೆಯಿಂದ ಬಂದೊಡನೆ ನೀನು ಬಿಟ್ಟುಹೋದ ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಪುರಾತನ ಗ್ರೀಕರ ಊರು ಕಟ್ಟುವ ಆಟವಂತೆ. ಆಕೆಯ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ನಾನು ಇದನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ. ಬಯಲಿನಲ್ಲಿ ಗೋಧಿ ಬೆಳೆಯಬೇಕು, ಕಡಲ ಕಟ್ಟೆಯಲ್ಲಿ ಮೀನು ಹಿಡಿಸಬೇಕು, ಆಡಿನ ಹಾಲಿನಿಂದ ಗಿಣ್ಣ, ಅಂದರೆ ಚೀಸು, ಮಾಡಿಸಬೇಕು, ಆಲಿವ್ ಕಾಯಿಗೆ ಗಾಣ ಹೂಡಬೇಕು. ಬಂದ ಆಹಾರವನ್ನು ಕೈಗಾಡಿಯವರು ಕಣಜಕ್ಕೆ ತಂದು ಸುರಿಯುತ್ತಾರೆ. ಮರ, ಉಣ್ಣೆ, ಅಮೃತಶಿಲೆಗಳಿಗೆ ಉಗ್ರಾಣ ಬೇರೆ. ಕಣಜದಿಂದ ಸಂತೆಯ ಹೆಂಗಸರು ಬುಟ್ಟಿ ತುಂಬಿಕೊಂಡು ಮನೆಮನೆಗೆ ಹಂಚುತ್ತಾರೆ. ಉಂಡವರ ಮನೆ ದೊಡ್ಡದಾಗುತ್ತದೆ. ಉಣ್ಣದವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಾರೆ. ಇಷ್ಟರ ಮಟ್ಟಿಗೆ ಆಟ ನ್ಯಾಯಸಮ್ಮತವಾಗಿದೆ ಎಂದು ಒಪ್ಪುತ್ತೇನೆ.

ಆದರೆ ಮೂವತ್ತು ಚಿಲ್ಲರೆ ಮನೆಗಳ ಆ ಊರಿಗೆ ನಿನ್ನ ಮಗಳು ಕಟ್ಟಿರುವ ಕಣಜಗಳು ಹನ್ನೊಂದು. ಸುತ್ತ ಕೋಟೆ ಕಟ್ಟುವ ಕಡೆ ಕಣಜ ಕಟ್ಟಿದ್ದಾಳೆ.

"ಯಾಕಮ್ಮಾ ಇಷ್ಟೊಂದು?" ಎಂದೆ.

"ಇರ್ಲಿ ಅಂತ."

"ನಾಟಕಶಾಲೆ ಎಲ್ಲಿ? ಗುಡಿ ಎಲ್ಲಿ? ಗರಡಿಮನೆ ಎಲ್ಲಿ?"

"ಅವನ್ನ ತಿನ್ನಕ್ಕಾಗುತ್ತಾ ತಾತ?"

ಇದು ಹತ್ತು ವರ್ಷದ ಹುಡುಗಿ ಆಡುವ ಮಾತೇ? ದಿನದಲ್ಲಿ ನನ್ನೊಡನೆ ಆಡುವ ಮಾತು ಇಷ್ಟೇ. ಓರಗೆಯ ಮಕ್ಕಳ ಸಹವಾಸವಿಲ್ಲ. ಎಪ್ಪತ್ತು ದಾಟಿದ ನಾನು, ಮಂಡಿನೋವಿನ ನಿನ್ನ ತಾಯಿ ಆಕೆಗೆ ಏನು ಜೊತೆ? ಆದಕಾರಣ ಗುಡ್ಡದ ಮೇಲಿನ ಬಾಲಕಿಯರ ವಸತಿಶಾಲೆಗೆ ಆಕೆಯ ಪ್ರವೇಶ ಕೋರಿ ಅರ್ಜಿ ಸಲ್ಲಿಸಿದ್ದೇನೆ. ನಲವತ್ತು ವರ್ಷ ಕಚೇರಿಯ ಜಗಲಿಯಲ್ಲಿ ಕುಳಿತು ಪರರ ಅಹವಾಲು ಬರೆದ ಕೈ ಮೊದಲ ಸಲ ಸ್ವಂತಕ್ಕೆ ಬರೆದಿದೆ. ತಿರಸ್ಕೃತವಾಗುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಇಂತಿ,
ನಿನ್ನ ತಂದೆ

ಏಪ್ರಿಲ್ 29
ಹಡಗಿನಿಂದ

ಅಪ್ಪ,

ಸಾಮಾನಿನ ದೋಣಿ ಈಗ ಬಂತು, ಮಧ್ಯಾಹ್ನ ಹೊರಡುತ್ತದೆ. ಅಷ್ಟರೊಳಗೆ ಬರೆದು ಕೊಡಬೇಕು. ಹಡಗಿನ ಫೋನು ಜೀವ ಹೋಗುವಂಥ ತುರ್ತಿಗೆ ಮಾತ್ರ. ನನಗೆ ಇದು ಅಂಥದೇ, ಆದರೆ ಕ್ಯಾಪ್ಟನ್‌ಗೆ ಅಲ್ಲ.

ಹಾಸ್ಟೆಲ್ ಬೇಡ. ದಯವಿಟ್ಟು ಬೇಡ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಅವಳಪ್ಪ ನಮ್ಮನ್ನು ಬಿಟ್ಟುಹೋದ ಅಂತಷ್ಟೇ ನಿಮಗೆ ಗೊತ್ತು. ಹೇಗೆ ಹೋದ ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಆಗ ಬೇರೆ ಊರಿನಲ್ಲಿ ಕೆಲಸದ ಮೇಲಿದ್ದೆ. "ಸಂಜೆ ಬರ್ತೀನಿ, ಬಾಗಿಲು ಹಾಕ್ಕೊಂಡಿರು" ಅಂದು ಹೋದವನು ಬರಲೇ ಇಲ್ಲ. ಇವಳು ಹಾಕಿದ ಬಾಗಿಲು ಹಾಕಿಕೊಂಡೇ ಇದ್ದಳು, ಯಾರನ್ನೂ ಕರೆಯಲಿಲ್ಲ. ಕರೆದರೆ ಅಪ್ಪನ ಮಾತು ಮೀರಿದ ಹಾಗೆ ಅಂದುಕೊಂಡಳಂತೆ. ಕೆಲವು ದಿನದ ಮೇಲೆ ನಾನು ಬಂದಾಗ ಅಡುಗೆಮನೆಯ ಡಬ್ಬಗಳೆಲ್ಲ ಬರಿದಾಗಿ ನೆಲದ ಮೇಲಿದ್ದವು. ಸಕ್ಕರೆ ಡಬ್ಬ ಒಂದನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಅದರ ತಳದಲ್ಲಿ ಒಂದಿಷ್ಟು ಉಳಿಸಿದ್ದಳು ಅಪ್ಪ. ನನಗೆ ಅಂತ.

ಆ ಆಟವನ್ನು ನಾನೇ ಹಾಕಿಕೊಟ್ಟೆ. ಮೊದಲ ಕಣಜ ತುಂಬಿದ ದಿನ ತಟ್ಟೆ ತುಂಬ ಊಟ ಮಾಡಿದಳು. ಅದಕ್ಕೇ ಹೇಳುತ್ತಿದ್ದೀನಿ. ಏನು ಬೇಕಾದರೂ ಬೈಯಿರಿ, ಹೋಮ್‌ವರ್ಕ್ ಮಾಡಿಸಿ, ಕಂಪ್ಯೂಟರಿಗೆ ಹೊತ್ತು ಗೊತ್ತು ಮಾಡಿ. ಅವಳ ಕಣಜಗಳನ್ನು ಮಾತ್ರ ಮುಟ್ಟಬೇಡಿ.

ದೋಣಿಯವನು ಕೂಗುತ್ತಿದ್ದಾನೆ.

ನಿಮ್ಮ ಮಗಳು

ಮೇ 3

ಮಗಳಿಗೆ ಆಶೀರ್ವಾದಗಳು.

ನಿನ್ನ ಉತ್ತರ ಇನ್ನೂ ಕೈಸೇರಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಒಂದು ಘಟನೆ ಸಂಭವಿಸಿದ್ದು, ಅದು ಅನ್ಯರ ಬಾಯಿಂದ ವಿಕಾರಗೊಂಡು ನಿನ್ನನ್ನು ತಲುಪುವ ಮೊದಲು ಯಥಾವತ್ತಾಗಿ ತಿಳಿಸುವುದು ನನ್ನ ಕರ್ತವ್ಯ.

ಮೊನ್ನೆ ನಿನ್ನ ಮಗಳು ಶಾಲೆಯ ಬೇಸಿಗೆ ತರಗತಿಗೆ ಹೋಗಿದ್ದ ಸಮಯದಲ್ಲಿ ನಾನು ಆ ಗ್ರೀಕ್ ಊರನ್ನು ತೆರೆದೆ. ಇಲಿಯಂತಹ ಆ ಉಪಕರಣವನ್ನು ಹಿಡಿಯುವುದು ಲೇಖನಿ ಹಿಡಿದವನಿಗೆ ಕಷ್ಟವೇನಲ್ಲ. ಕಂಡದ್ದು ಶುದ್ಧ ಅವ್ಯವಸ್ಥೆ. ಒಂದೇ ಕಣಜದಲ್ಲಿ ಗೋಧಿಯೂ ಮೀನೂ ಗಿಣ್ಣವೂ ಕಲಸುಮೇಲೋಗರ! ಕಚೇರಿಯಲ್ಲಿ ಭೂಮಿಯ ಕಡತದೊಳಗೆ ಪಿಂಚಣಿಯ ಕಡತ ತೂರಿಸಿದರೆ ಏನಾಗುತ್ತದೆಂದು ನನಗೆ ಗೊತ್ತು. ಆದ್ದರಿಂದ ಒಂದು ಕಣಜಕ್ಕೆ ಒಂದೇ ಸರಕು ಎಂಬ ನಿಯಮ ಮಾಡಿದೆ. ಗೋಧಿ ಪೂರ್ವಕ್ಕೆ, ಮೀನು ಪಶ್ಚಿಮಕ್ಕೆ, ಗಿಣ್ಣ ಉತ್ತರಕ್ಕೆ, ಎಣ್ಣೆ ದಕ್ಷಿಣಕ್ಕೆ. ನಾಲ್ಕು ಸಾಕಾದವು. ಮಿಕ್ಕ ಏಳನ್ನು ಕೆಡವಲು ಆಜ್ಞೆ ಕೊಟ್ಟು, ಆ ಜಾಗದಲ್ಲಿ ನಾಟಕಶಾಲೆಗೆ ಅಡಿಪಾಯ ಹಾಕಿಸಿದೆ. ಮಾಡಿದ ಕೆಲಸಕ್ಕೆ ಮುದ್ರೆ ಬೀಳದಿದ್ದರೆ ಸಿಂಧುವಲ್ಲವಾದ್ದರಿಂದ 'ಉಳಿಸು' ಎಂಬುದನ್ನೂ ಒತ್ತಿದೆ.

ಶಾಲೆಯಿಂದ ಬಂದವಳು ಪರದೆಯ ಮೇಲೆ ಬೆರಳಿಟ್ಟು ಕಣಜಗಳನ್ನು ಎಣಿಸಿದಳು.

"ಏಳರೊಳಗಿದ್ದದ್ದು ಎಲ್ಲಿ ತಾತ?"

"ಪಕ್ಕದ ಕಣಜಕ್ಕೆ ವರ್ಗವಾಗಿರುತ್ತೆ."

"ವರ್ಗ ಅಂದ್ರೆ?"

"ಒಂದು ಕಚೇರಿ ಮುಚ್ಚಿದ್ರೆ ಅದರ ಕಡತ ಪಕ್ಕದ ಕಚೇರಿಗೆ ಹೋಗಲ್ವಾ, ಹಾಗೆ."

"ಇಲ್ಲಿ ಹೋಗಲ್ಲ ತಾತ. ಕೆಡವಿದ್ರೆ ಒಳಗಿದ್ದದ್ದೂ ಹೋಯ್ತು."

ನಾಲ್ಕು ದಿಕ್ಕಿಗೆ ನಡೆದು ಸಂತೆಯ ಹೆಂಗಸರು ದಾರಿಯಲ್ಲೇ ಉಳಿದಿದ್ದರು. ಮನೆಗಳು ಒಂದೊಂದಾಗಿ ಗುಡಿಸಲಾಗುತ್ತಿದ್ದವು. ಜನ ಗಂಟು ಹೊತ್ತು ಹೊರಟಿದ್ದರು. ಹಿಂದಿನ ಸ್ಥಿತಿಗೆ ಹೋಗು ಎಂದೆ. ನಾನು ಒತ್ತಿದ ಮುದ್ರೆಯಿಂದಾಗಿ ಹಿಂದಿನ ಸ್ಥಿತಿಯೆಂಬುದೇ ಉಳಿದಿಲ್ಲವಂತೆ. ಕಂಪ್ಯೂಟರ್ ಮುಚ್ಚಿ, ಪುಸ್ತಕ ತೆಗೆದು, ಓದಲು ಕುಳಿತಳು. ಅಳಲಿಲ್ಲ. ಅತ್ತಿದ್ದರೆ ಏನು ಹೇಳಬೇಕೆಂಬುದನ್ನು ನಾನು ಸಿದ್ಧಪಡಿಸಿಕೊಂಡಿದ್ದೆ.

ಆಟದ ಊರು ಆಟದ ಊರೇ. ಇದನ್ನು ದೊಡ್ಡದು ಮಾಡಬಾರದೆಂದು ಕೋರುತ್ತೇನೆ.

ಇಂತಿ,
ನಿನ್ನ ತಂದೆ

ಮೇ 6

ಅಮ್ಮಾ,

ಚೆನ್ನಾಗಿದ್ದೀಯಾ? ನಾನು ಚೆನ್ನಾಗಿದ್ದೀನಿ. ತಾತ ನನ್ನ ಕಣಜ ಕೆಡವಿದ್ರು. ಬೇಕು ಅಂತ ಅಲ್ಲ, ಗೊತ್ತಿಲ್ದೆ. ನಾನು ಬೈಲಿಲ್ಲ.

ಆಟ ಆಡ್ತಿಲ್ಲ. ಊರಲ್ಲಿ ಈಗ ಆರು ಮನೆ ಇದೆ. ತೆಗೆದು ನೋಡಿ ಮುಚ್ಚಿಬಿಡ್ತೀನಿ.

ಅಜ್ಜಿ ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ತಿಂತೀನಿ. ಇನ್ನರ್ಧ ಅನ್ನ ಆದ್ರೆ ಬಿಡ್ತೀನಿ, ರಸ್ಕು ಬಿಸ್ಕತ್ತು ಆದ್ರೆ ಎತ್ತಿಡ್ತೀನಿ. ಎಲ್ಲಿ ಅಂತ ಹೇಳಲ್ಲ. ನೀನು ಅಜ್ಜಿಗೆ ಬರೆದ್ರೆ ತಾತ ಓದ್ತಾರೆ.

ಮೊನ್ನೆ ತಾತ ಪಕ್ಕದ್ಮನೆ ದರ್ಜಿ ಮಾಮನ ಹತ್ರ ಹೇಳ್ತಿದ್ರು. "ಇಬ್ಬರ ಸಂಸಾರ ಕಣಯ್ಯಾ, ಮೂರನೇದಕ್ಕೆ ಎಲ್ಲಿ ಜಾಗ" ಅಂತ. ದರ್ಜಿ ಮಾಮ ನಕ್ಕರು. ನಾನು ಎಷ್ಟು ಜಾಗ ಹಿಡೀತೀನಿ ಅಮ್ಮಾ? ಮಂಚ ಗೋಡೆಗೆ ಒತ್ತಿ ಹಾಕಿದ್ದೀನಿ ಈಗ.

ನೀನು ಬರೋದು ಮುಂದಿನ ತಿಂಗಳೇ ಅಲ್ವಾ? ಹಾಸ್ಟೆಲ್‌ಗಿಂತ ಮುಂಚೆ ಬಂದ್ರೆ ಸಾಕು.

ನಿನ್ನ ಮರಿ

ಮೇ 24
ಹಡಗಿನಿಂದ

ಅಪ್ಪ,

ನಿಮ್ಮ ಪತ್ರ, ಅವಳ ಪತ್ರ ಎರಡೂ ಒಂದೇ ದೋಣಿಯಲ್ಲಿ ಬಂದವು. ಅವಳದ್ದನ್ನು ಮೊದಲು ಓದಬಾರದಿತ್ತು.

ತಂತಿ ಎಲ್ಲೋ ತುಂಡಾಗಿದೆ. ಅದನ್ನು ಮೇಲೆತ್ತಿ ಜೋಡಿಸದೆ ಹಡಗು ತಿರುಗುವುದಿಲ್ಲ. ಆಗಸ್ಟ್ ಕಳೆಯಬಹುದು. ಇದನ್ನು ಅವಳಿಗೆ ಹೇಳುವ ಕೆಲಸ ನಿಮ್ಮದು, ಕ್ಷಮಿಸಿ.

ನನ್ನ ಏಪ್ರಿಲ್ ಪತ್ರ ಈಗ ತಲುಪಿರಬೇಕು. ಆದ್ದರಿಂದ ಮತ್ತೆ ಬರೆಯುವುದಿಲ್ಲ. ಒಂದೇ ಕೇಳುತ್ತೀನಿ. ನಾನು ನಿಮ್ಮ ಮಾತು ಮೀರಿ ಹಡಗು ಹತ್ತಿದ್ದಕ್ಕೆ ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮೇಲೇ ಇರಲಿ. ಆ ಅರ್ಜಿ ವಾಪಸು ತೆಗೆದುಕೊಳ್ಳಿ. ಅವಳು ಅಲ್ಲಿಗೆ ಹೋದರೆ ಯಾರಿಗೂ ತೊಂದರೆ ಕೊಡದೆ, ಸುಮ್ಮನೆ, ಒಂದು ಮೂಲೆಯಲ್ಲಿ ಬರಿದಾಗಿಬಿಡುತ್ತಾಳೆ. ಅದು ಯಾರಿಗೂ ಗೊತ್ತೂ ಆಗುವುದಿಲ್ಲ.

ನಿಮ್ಮ ಮಗಳು

ಜೂನ್ 2

ಮಗಳಿಗೆ,

ನಿನ್ನ ಎರಡೂ ಪತ್ರಗಳು ತಲುಪಿವೆ. ಏಪ್ರಿಲ್ 29ರ ಪತ್ರದಲ್ಲಿ ನೀನು ತಿಳಿಸಿದ ಸಂಗತಿಯ ಕುರಿತು ನಾನು ಏನನ್ನೂ ಬರೆಯಲಾರೆ. ಎರಡು ಬಾರಿ ಪ್ರಯತ್ನಿಸಿ ಬಿಟ್ಟಿದ್ದೇನೆ.

ವಸತಿಶಾಲೆಯಿಂದ ಮಂಜೂರಾತಿ ಬಂದಿದೆ. ಜೂನ್ 10ರಂದು ಗಾಡಿ ಗೊತ್ತು ಮಾಡಿದ್ದೇನೆ. ನೀನು ಕೆರಳುವ ಮುನ್ನ ನನ್ನ ನಿವೇದನೆಯನ್ನು ಪೂರ್ಣವಾಗಿ ಓದಬೇಕು. ಆಕೆ ಉಣ್ಣುತ್ತಿಲ್ಲ. ನಾನು ಪಂಕ್ತಿಯಲ್ಲಿ ಕುಳಿತರೆ ಇನ್ನೂ ಕಡಿಮೆ. ಹೀಗಾಗಿ ಎರಡು ವಾರದಿಂದ ನಾನು ಆಮೇಲೆ ಒಬ್ಬನೇ ಕೂರುತ್ತಿದ್ದೇನೆ. ಅಲ್ಲಿ ಗಂಟೆ ಹೊಡೆದರೆ ಊಟ, ವೈದ್ಯರಿದ್ದಾರೆ, ಮಕ್ಕಳಿದ್ದಾರೆ. ಮುಖ್ಯವಾಗಿ, ನಾನಿರುವುದಿಲ್ಲ. ಯಾರ ಕೈಯಿಂದ ಏಳು ಕಣಜ ಬಿದ್ದವೋ ಆತನ ಮುಖ ನೋಡದಿದ್ದರೆ ಆಕೆ ಉಣ್ಣಬಹುದು. ಇದು ಸಿಟ್ಟಲ್ಲ.

ನಿನ್ನ ತಾಯಿಗೆ ಇದನ್ನು ವಿವರಿಸಲು ಹೋಗಿ ಅನ್ನಿಸಿಕೊಂಡದ್ದನ್ನೂ ಮುಚ್ಚಿಡದೆ ಬರೆಯುತ್ತೇನೆ.

"ಊರೋರ ಮಕ್ಳಿಗೆಲ್ಲ ನ್ಯಾಯ ಕೇಳಿ ಬರೆದ ಕೈ, ಮನೆ ಮಗೂನ ಗಡೀಪಾರು ಮಾಡೋಕೆ ಬರೆದಿದೆ ನೋಡಿ!"

"ನಾನು ಅವಳ ಒಳ್ಳೇದಕ್ಕೇ..."

"ಅದನ್ನ ಅವಳಿಗೆ ಹೇಳಿದ್ರಾ?"

"ಹೇಳೋಕೆ ಅವಳು ನಿಲ್ಲಬೇಕಲ್ಲ."

"ನೀವು ಕೂತ್ರೆ ತಾನೇ ಅವಳು ನಿಲ್ಲೋದು. ಎಪ್ಪತ್ತೊಂದಾಯ್ತು, ಇನ್ನೂ ಕಚೇರಿ ಜಗಲಿಯಿಂದ ಇಳಿದಿಲ್ಲ ನೀವು."

ಹಡಗು ತಡವಾಗುವುದನ್ನು ಹುಡುಗಿಗೆ ತಿಳಿಸಿದೆ. "ಆಯ್ತು ತಾತ" ಎಂದಳು. ಅಂದಿನಿಂದ ಪೂರ್ಣ ವಿಧೇಯಳಾಗಿದ್ದಾಳೆ. ಹೇಳಿದಂತೆ ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕಿಟ್ಟಿದ್ದಾಳೆ. ಈ ವಿಧೇಯತೆ ನನಗೆ ಸರಿಬರುತ್ತಿಲ್ಲ.

ಇಂತಿ,
ನಿನ್ನ ತಂದೆ

ಜೂನ್ 10, ಬೆಳಿಗ್ಗೆ
(ಮನೆಯ ಉಗ್ರಾಣದ ಬಾಗಿಲ ಕೆಳಗಿನಿಂದ ಹೊರಬಂದ ಚೀಟಿ)

ತಾತನಿಗೆ, ಅಜ್ಜಿಗೆ,

ನಾನು ಉಗ್ರಾಣದಲ್ಲಿದ್ದೀನಿ. ಒಳಗಿಂದ ಅಗುಳಿ ಹಾಕ್ಕೊಂಡಿದ್ದೀನಿ. ಹೆದರ್ಕೋಬೇಡಿ. ನನ್ನ ಹತ್ರ ರಸ್ಕು ಇದೆ, ಬಿಸ್ಕತ್ತಿದೆ, ಕಡಲೆಕಾಯಿ ಇದೆ, ಬಾಟ್ಲಿಗಳಲ್ಲಿ ನೀರಿದೆ, ಟಾರ್ಚಿದೆ, ಬಕೆಟ್ಟೂ ಇದೆ. ನಿಮ್ಮ ಅಕ್ಕಿ ಬೇಳೆ ಮುಟ್ಟಲ್ಲ, ಇದೆಲ್ಲಾ ನನ್ನ ಪಾಲಿಂದ ಉಳಿಸಿದ್ದು. ಅಮ್ಮ ಬಂದ್ಮೇಲೆ ಬರ್ತೀನಿ.

ತಾತ, ಬಾಗಿಲು ಬಡಿಬೇಡಿ. ಏನಿದ್ರೂ ಬರೆದು ಕೊಡಿ. ನೀವು ಮಾತಾಡಿದ್ರೆ ನಂಗೆ ಉತ್ತರ ಮರೆತುಹೋಗುತ್ತೆ.

ನಾನು

ಜೂನ್ 10
(ಒಳಗೆ ಹೋದದ್ದು)

ಚಿರಂಜೀವಿ ಮೊಮ್ಮಗಳ ಅವಗಾಹನೆಗೆ,

ನೀನು ಉಗ್ರಾಣದಲ್ಲಿ ಸ್ವಯಂ ಬಂಧಿಯಾಗಿರುವುದು ನನ್ನ ಗಮನಕ್ಕೆ ಬಂದಿದ್ದು, ಸದರಿ ಕೋಣೆಗೆ ಕಿಟಕಿಯಿಲ್ಲದಿರುವುದನ್ನೂ, ಗಾಡಿಯು ಹೊರಗೆ ಕಾಯುತ್ತಿರುವುದನ್ನೂ, ನಿನ್ನ ಹಿತದೃಷ್ಟಿಯಿಂದಲೇ ಮೇಲ್ಕಂಡ ಏರ್ಪಾಡು ಮಾಡಲಾಗಿರುವುದನ್ನೂ ಪರಿಗಣಿಸಿ, ಕೂಡಲೇ ಅಗುಳಿ ತೆಗೆದು ಹೊರಬರಬೇಕಾಗಿ ತಿಳಿಯಪಡಿಸಲಾಗಿದೆ.

ತಾತ

ಜೂನ್ 10
(ಹೊರಗೆ ಬಂದದ್ದು, ಅದೇ ಕಾಗದದ ಹಿಂಭಾಗದಲ್ಲಿ)

ಅರ್ಥ ಆಗ್ಲಿಲ್ಲ. ವಾಪಸು.

ನಾನು

ಜೂನ್ 10
(ಒಳಗೆ ಹೋದದ್ದು)

ಬಾಗಿಲು ತೆರೆ. ಇಲ್ಲವಾದಲ್ಲಿ ಬಡಗಿಯನ್ನು ಕರೆಸಿ ತೆಗೆಸಬೇಕಾಗುತ್ತದೆ.

ತಾತ

ಜೂನ್ 10
(ಹೊರಗೆ ಬಂದದ್ದು)

ಬಡಗಿ ಬಂದ್ರೆ ಒಳಗಿರೋದೆಲ್ಲಾ ಚೆಲ್ಲಿಬಿಡ್ತೀನಿ. ಅಕ್ಕಿ, ಬೇಳೆ, ಎಣ್ಣೆ ಡಬ್ಬ ಎಲ್ಲಾ. ಆಮೇಲೆ ಒಂದರೊಳಗೆ ಒಂದು ಸೇರ್ಕೊಂಡು ಹೋಗುತ್ತೆ, ನೀವು ಬೇರೆ ಮಾಡಕ್ಕಾಗಲ್ಲ. ನಂಗೂ ಹಾಗೆ ಮಾಡೋಕೆ ಇಷ್ಟ ಇಲ್ಲ.

ನಾನು

ಜೂನ್ 10, ಮಧ್ಯಾಹ್ನ
(ಒಳಗೆ ಹೋದದ್ದು)

ಮರಿ, ನಾನು ಅಜ್ಜಿ. ಆಗ್ಲಿಂದ ಸದ್ದೇ ಇಲ್ಲ ನಿಂದು. ಮೂಟೆ ಹಿಂದೆ ಕೂರಬೇಡ ತಾಯಿ, ಅಲ್ಲಿ ಕುದಿಯುತ್ತೆ. ಬಾಗಿಲ ಹತ್ರ ಬಂದು ಸಂದೀಲಿ ಮೂಗಿಟ್ಕೊಂಡು ಮಲಕ್ಕೋ, ಗಾಳಿ ಬರುತ್ತೆ. ಬಡಗೀನ ನಾನೇ ವಾಪಸು ಕಳಿಸಿದೆ. ನಿಮ್ತಾತ ನೆಲದ ಮೇಲೆ ಕೂತಿದ್ದಾರೆ. ಮದುವೆಯಾದ ಮೇಲೆ ಇದೇ ಮೊದಲು ನೋಡ್ತಿರೋದು. ಒಂದಕ್ಷರ ಬರೆದು ತಳ್ಳೇ.

ಅಜ್ಜಿ

ಜೂನ್ 10
(ಹೊರಗೆ ಬಂದದ್ದು)

ಇದ್ದೀನಿ.

ಜೂನ್ 10
(ಒಳಗೆ ಹೋದದ್ದು)

ಗಾಡಿಯನ್ನು ಹಿಂದಕ್ಕೆ ಕಳುಹಿಸಿದೆ. ಇನ್ನು ಹೊರಗೆ ಬಾ.

ತಾತ

ಜೂನ್ 10
(ಹೊರಗೆ ಬಂದದ್ದು)

ನಾಳೆ ಇನ್ನೊಂದು ಗಾಡಿ ಬರುತ್ತೆ. ನೀವು ಬರೆದ್ರೆ ಯಾರೂ ಇಲ್ಲ ಅನ್ನಲ್ಲ ಅಂತ ನೀವೇ ಹೇಳ್ತೀರಲ್ಲ. ಹಾಸ್ಟೆಲ್‌ಗೆ ಬೇಡ ಅಂತ ಬರೀರಿ. ಬರೆದು ನಂಗೆ ತೋರಿಸಿ.

ನಾನು

ಜೂನ್ 10
(ಒಳಗೆ ಹೋದ ಕರಡು)

ವಸತಿಶಾಲೆಯ ಮೇಲ್ವಿಚಾರಕಿಯವರಿಗೆ. ಬಾಲಕಿಯ ಅನಾರೋಗ್ಯದ ಕಾರಣ ಸದರಿ ಪ್ರವೇಶವನ್ನು ರದ್ದುಪಡಿಸಬೇಕಾಗಿ ಕೋರಿಕೆ.

ಜೂನ್ 10
(ಹೊರಗೆ ಬಂದದ್ದು)

ನಂಗೇನೂ ಆಗಿಲ್ಲ. ಸುಳ್ಳು ಬರೀಬೇಡಿ.

ನಾನು

ಜೂನ್ 10
(ಒಳಗೆ ಹೋದ ಎರಡನೆಯ ಕರಡು)

ಬಾಲಕಿಯು ಬರಲು ಒಪ್ಪದ ಕಾರಣ ಸದರಿ ಪ್ರವೇಶವನ್ನು ರದ್ದುಪಡಿಸಬೇಕಾಗಿ ಕೋರಿಕೆ. (ಇದು ಸುಳ್ಳಲ್ಲ. ದಯವಿಟ್ಟು ಬಾ. ನಿನ್ನ ಅಜ್ಜಿ ಅಳುತ್ತಿದ್ದಾಳೆ.)

ಜೂನ್ 10
(ಹೊರಗೆ ಬಂದದ್ದು)

ನಾನು ಒಪ್ಪಲ್ಲ ಅನ್ನೋದು ನಿಜ. ಆದ್ರೆ ನಾನು ಹಟ ಮಾಡ್ದೆ ಅಂತ ಇಟ್ಕೊಂಡ್ರೆ, ನಾನು ಹಟ ಬಿಟ್ಟ ದಿನ ಕಳಿಸ್ತೀರಿ. ದರ್ಜಿ ಮಾಮನ ಹತ್ರ ಜಾಗ ಇಲ್ಲ ಅಂದ್ರಲ್ಲ. ನಾನು ಕೇಳಿಸ್ಕೊಂಡೆ.

ನಿಮಗೆ ನಾನು ಬೇಕಾ ಬೇಡ್ವಾ? ಸಣ್ಣದಾಗಿ ಬರೀರಿ. ಟಾರ್ಚು ಮಂದ ಆಗ್ತಿದೆ.

ಜೂನ್ 10, ಸಂಜೆ

ಬಾಲಕಿಯರ ವಸತಿಶಾಲೆಯ ಮೇಲ್ವಿಚಾರಕಿಯವರಿಗೆ,

ನನ್ನ ಮೊಮ್ಮಗಳಿಗೆ ತಾವು ಕೊಟ್ಟ ಜಾಗವನ್ನು ಬೇರೆ ಮಗುವಿಗೆ ಕೊಡಿ. ಅವಳನ್ನು ಕಳುಹಿಸುವುದಿಲ್ಲ.

ಅವಳು ನಮಗೆ ಬೇಕು. ನನಗೆ ಬೇಕು. ಹಟ ಮಾಡಿದರೂ ಬೇಕು, ಮಾಡದಿದ್ದರೂ ಬೇಕು. ಅವಳ ತಾಯಿ ಬರುವವರೆಗೆ ಬೇಕು, ಬಂದ ಮೇಲೂ ಬೇಕು. ನಮ್ಮ ಮನೆಯಲ್ಲಿ ಜಾಗವಿಲ್ಲವೆಂದು ನಾನು ಬೇರೊಬ್ಬರ ಬಳಿ ಆಡಿದ ಮಾತು ಸುಳ್ಳು. ಎರಡು ಕೋಣೆ ಖಾಲಿ ಇವೆ.

ಈ ಪತ್ರವನ್ನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತು ಬರೆದಿದ್ದರಿಂದ ಅಕ್ಷರ ಸೊಟ್ಟಗಿದೆ. ಬಾಗಿಲ ಕೆಳಗಿನಿಂದ ಒಳಗೆ ಹೋಗಿ ಬಂದದ್ದರಿಂದ ಮಡಿಕೆ ಬಿದ್ದಿದೆ. 'ಬಂದ ಮೇಲೂ ಬೇಕು' ಎಂಬುದರ ಕೆಳಗೆ ಪೆನ್ಸಿಲ್ ಗೆರೆ ಎಳೆದದ್ದು ನಾನಲ್ಲ. ಇದನ್ನು ತಿದ್ದಿ ಬರೆದು ಕಳುಹಿಸುವುದು ನನ್ನ ವೃತ್ತಿಗೆ ತಕ್ಕ ಮರ್ಯಾದೆ. ಆದರೆ ಅಗುಳಿ ಸರಿದ ಸದ್ದಾಯಿತು, ನಾನು ಏಳಬೇಕು.

ಇಂತಿ,
ಹುಡುಗಿಯ ತಾತ